ಮರಳುಹುಳದ ಜಮಾ-ಖರ್ಚು

ಅರಾಕಿಸ್ ಎಂಬ ಕಾಲ್ಪನಿಕ ಮರುಭೂಮಿ ಗ್ರಹದ ಮರಳುಹುಳಕ್ಕೆ ಅಮೆರಿಕದ ಕಾದಂಬರಿಕಾರ ಫ್ರಾಂಕ್ ಹರ್ಬರ್ಟ್ ಕೊಟ್ಟಿರುವ ವಿವರಗಳು ನಾವು ಅಂದುಕೊಂಡಿದ್ದಕ್ಕಿಂತ ಹೆಚ್ಚು ಖಚಿತವಾಗಿವೆ. 1965ರಲ್ಲಿ ಪುಸ್ತಕವಾಗಿ ಬಂದ ‘ಡ್ಯೂನ್’ ಕಾದಂಬರಿಯ ಕೊನೆಯಲ್ಲಿ ಆ ಗ್ರಹದ ಪರಿಸರದ ಬಗ್ಗೆಯೇ ಒಂದು ಅನುಬಂಧವಿದೆ, ಒಂದು ಪದಕೋಶವೂ ಇದೆ. ಅಲ್ಲಿ ಸಿಗುವುದು ಇಷ್ಟು. ಮಧ್ಯಮ ಗಾತ್ರದ ಹುಳದ ಉದ್ದ ಸುಮಾರು 200 ಮೀಟರ್. ಮರುಭೂಮಿಯ ಒಳಭಾಗದಲ್ಲಿ 400 ಮೀಟರ್ ಮೀರಿದವೂ ಕಂಡದ್ದುಂಟು. ನೀರು ಅದಕ್ಕೆ ವಿಷ. ಹೊಟ್ಟೆಯೊಳಗೆ ಆಮ್ಲ, ಆಲ್ಡಿಹೈಡ್‌ಗಳ ಕಾರ್ಖಾನೆಯೇ ಇದೆ. 10 ಚದರ ಕಿಲೊಮೀಟರ್ ಹಸಿರು ಎಷ್ಟು ಆಮ್ಲಜನಕ ಬಿಡುತ್ತದೋ ಅಷ್ಟನ್ನು ಮಧ್ಯಮ ಗಾತ್ರದ ಒಂದೇ ಹುಳ ಬಿಡುತ್ತದೆ.

ಇಷ್ಟು ದೊಡ್ಡ ಪ್ರಾಣಿ ತನ್ನ ಭಾರಕ್ಕೇ ಕುಸಿದು ಸಾಯುತ್ತದೆ ಎಂಬುದು ಎಲ್ಲರೂ ಎತ್ತುವ ಮೊದಲ ಆಕ್ಷೇಪ. ಆ ಆಕ್ಷೇಪ ತಪ್ಪು ಜಾಗಕ್ಕೆ ಬೊಟ್ಟು ಮಾಡುತ್ತದೆ. ಲೆಕ್ಕ ಹಾಕಿ ನೋಡಿದರೆ ಭಾರ ಇಲ್ಲಿ ಸಣ್ಣ ತೊಂದರೆ. ಹುಳವನ್ನು ನಿಜವಾಗಿ ಕಾಡುವವು ಎರಡು: ಮರಳಿನ ಘರ್ಷಣೆ ಮತ್ತು ಆ ಘರ್ಷಣೆಯಿಂದಲೂ ಸ್ನಾಯುಗಳಿಂದಲೂ ಹುಟ್ಟುವ ಬಿಸಿ. ಇವೆರಡನ್ನೂ ನಿಭಾಯಿಸುವ ಹುಳವೊಂದನ್ನು ಕಾಗದದ ಮೇಲೆ ಕಟ್ಟಬಹುದು. ಆದರೆ ಅದು ತೆರೆಯ ಮೇಲೆ ನೋಡಿದ ಹುಳದಂತೆ ಸದಾ ಓಡಾಡುವುದಿಲ್ಲ.

ಭಾರ

ಪ್ರಾಣಿಯ ಉದ್ದ ಇಮ್ಮಡಿಯಾದರೆ ಚರ್ಮದ ವಿಸ್ತೀರ್ಣ ನಾಲ್ಮಡಿ, ತೂಕ ಎಂಟು ಪಟ್ಟು. ಗೆಲಿಲಿಯೊ 1638ರಲ್ಲೇ ಇದನ್ನು ಹೇಳಿದ್ದ. ಆನೆಯ ಕಾಲು ಕಂಬದಂತಿರುವುದಕ್ಕೂ ಜಿಂಕೆಯದು ಕಡ್ಡಿಯಂತಿರುವುದಕ್ಕೂ ಕಾರಣ ಇದೇ. ಆದರೆ ಹುಳಕ್ಕೆ ಕಾಲೇ ಇಲ್ಲ, ಮೂಳೆಯೂ ಇಲ್ಲ.

ಲೆಕ್ಕಕ್ಕೆ ಒಂದು ಮಾದರಿ ಇಟ್ಟುಕೊಳ್ಳೋಣ. ಉದ್ದ 200 ಮೀಟರ್, ಅಡ್ಡಳತೆ 20 ಮೀಟರ್. ಅಡ್ಡಳತೆ ನಮ್ಮ ಊಹೆ. ಕಾದಂಬರಿಯಲ್ಲಿ ಬರುವ ಒಂದು ಭಾರೀ ಹುಳದ ಬಾಯಿಯೇ ಸುಮಾರು 80 ಮೀಟರ್ ಅಗಲ, ಹಾಗಾಗಿ ನಮ್ಮದು ತೆಳ್ಳಗಿನ ಹುಳ ಅಂತಲೇ ಹೇಳಬೇಕು. ಇದರ ಗಾತ್ರ ಸುಮಾರು 63,000 ಘನ ಮೀಟರ್. ಮಾಂಸದ ಸಾಂದ್ರತೆ ನೀರಿನಷ್ಟೇ ಎಂದು ಹಿಡಿದರೆ ತೂಕ 63,000 ಟನ್. ಕಾರವಾರದ ಕದಂಬ ನೌಕಾನೆಲೆಯಲ್ಲಿ ತಂಗುವ ವಿಮಾನವಾಹಕ ನೌಕೆ ವಿಕ್ರಮಾದಿತ್ಯ 284 ಮೀಟರ್ ಉದ್ದ, ಸುಮಾರು 45,000 ಟನ್. ಅಂದರೆ ನಮ್ಮ ಹುಳ ಉದ್ದದಲ್ಲಿ ಅದಕ್ಕಿಂತ ಗಿಡ್ಡ, ತೂಕದಲ್ಲಿ ಜಾಸ್ತಿ.

ಮೂಳೆಯಿಲ್ಲದ ಪ್ರಾಣಿ ಎಂದರೆ ದ್ರವ ತುಂಬಿದ ಚೀಲ. ನೆಲದ ಮೇಲೆ ಮಲಗಿದಾಗ 20 ಮೀಟರ್ ಎತ್ತರದ ಈ ಚೀಲದ ತಳದಲ್ಲಿ ಒಳಗಿನ ಒತ್ತಡ ವಾತಾವರಣದ ಎರಡು ಪಟ್ಟಿನಷ್ಟು ಹೆಚ್ಚಿರುತ್ತದೆ. ಅದನ್ನು ತಡೆಯಲು ಅರ್ಧ ಮೀಟರ್ ದಪ್ಪದ ತೊಗಲಿದ್ದರೆ, ಆ ತೊಗಲಿನ ಮೇಲೆ ಬೀಳುವ ಎಳೆತ ಸುಮಾರು 4 ಮೆಗಾಪಾಸ್ಕಲ್. ನಮ್ಮ ಸ್ನಾಯುರಜ್ಜುಗಳು ಹರಿಯುವುದು 100 ಮೆಗಾಪಾಸ್ಕಲ್ ಆಸುಪಾಸಿನಲ್ಲಿ. ತೊಗಲು ಒಡೆಯುವ ಮಾತೇ ಇಲ್ಲ. ಮರಳಿನೊಳಗೆ ಇಳಿದರಂತೂ ಸುತ್ತಲಿನ ಮರಳೇ ಆನಿಸಿ ಹಿಡಿಯುತ್ತದೆ. 30 ಮೀಟರಿನ ನೀಲಿ ತಿಮಿಂಗಿಲಕ್ಕೆ ಸಮುದ್ರ ಮಾಡುವ ಉಪಕಾರವನ್ನು ಹುಳಕ್ಕೆ ಮರಳು ಮಾಡುತ್ತದೆ.

ಘರ್ಷಣೆ

ಎರೆಹುಳ ನಡೆಯುವ ಬಗೆ ಶಾಲೆಯ ಪಾಠದಲ್ಲೇ ಬರುತ್ತದೆ. ಮೈ ಉಂಗುರ ಉಂಗುರವಾಗಿ ವಿಂಗಡವಾಗಿದೆ, ಪ್ರತಿ ಉಂಗುರದಲ್ಲೂ ದ್ರವ. ಸುತ್ತು ಸ್ನಾಯು ಬಿಗಿದರೆ ಉಂಗುರ ತೆಳ್ಳಗಾಗಿ ಉದ್ದವಾಗುತ್ತದೆ, ಉದ್ದ ಸ್ನಾಯು ಬಿಗಿದರೆ ದಪ್ಪಗಾಗಿ ಗಿಡ್ಡವಾಗುತ್ತದೆ. ದಪ್ಪಗಾದ ಉಂಗುರಗಳು ಬಿರುಗೂದಲು ಊರಿ ಬಿಲದ ಗೋಡೆಗೆ ಕಚ್ಚಿಕೊಳ್ಳುತ್ತವೆ, ತೆಳ್ಳಗಾದವು ಮುಂದೆ ಜಾರುತ್ತವೆ. ಈ ಅಲೆ ತಲೆಯಿಂದ ಬಾಲಕ್ಕೆ ಸಾಗುತ್ತಿರುತ್ತದೆ. ಇಲ್ಲಿನ ಜಾಣತನ ಏನೆಂದರೆ, ಕಚ್ಚಿಕೊಂಡ ಭಾಗ ಜಾರುವುದಿಲ್ಲ, ಜಾರುವ ಭಾಗ ಗೋಡೆಗೆ ತಾಗುವುದಿಲ್ಲ. ಘರ್ಷಣೆ ಶತ್ರುವಾಗುವ ಬದಲು ಆಸರೆಯಾಗುತ್ತದೆ.

ಇದು ನಡೆಯಬೇಕಾದರೆ ಬಿಲದ ಗೋಡೆ ನಿಲ್ಲಬೇಕು. ತೇವದ ಮಣ್ಣು ನಿಲ್ಲುತ್ತದೆ, ಒಣ ಮರಳು ನಿಲ್ಲುವುದಿಲ್ಲ. ಒಂದು ಮೀಟರ್ ಖಾಲಿ ಬಿಟ್ಟರೆ ಮೇಲಿನ ಮರಳು ಅರ್ಧ ಸೆಕೆಂಡಿನೊಳಗೆ ಬಿದ್ದು ತುಂಬಿಬಿಡುತ್ತದೆ. ಹುಳ ನಿಧಾನವಾಗಿದ್ದರೆ ತುಂಬಿದ ಸಡಿಲ ಮರಳನ್ನು ತಳ್ಳಿಕೊಂಡು ಹೇಗೋ ಹೋಗಬಹುದು. ಗಂಟೆಗೆ 36 ಕಿಲೊಮೀಟರ್, ಅಂದರೆ ಸೆಕೆಂಡಿಗೆ 10 ಮೀಟರ್ ವೇಗಕ್ಕೆ ಬಂದರೆ ಇಡೀ ಮೈ ಮರಳಿಗೆ ಒರೆಸಿಕೊಂಡೇ ಸಾಗಬೇಕು.

ಎಷ್ಟು ಶಕ್ತಿ ಬೇಕು? ಹುಳದ ಬೆನ್ನು ಮೇಲ್ಮೈಯಿಂದ 10 ಮೀಟರ್ ಕೆಳಗಿದೆ ಎನ್ನೋಣ. ಮರಳಿನ ಸಾಂದ್ರತೆ ಘನ ಮೀಟರಿಗೆ 1.6 ಟನ್. ಮೈಮೇಲೆ ಸರಾಸರಿ ಒತ್ತಡ ಸುಮಾರು 2.5 ಲಕ್ಷ ಪಾಸ್ಕಲ್, ಮೈಯ ವಿಸ್ತೀರ್ಣ 12,500 ಚದರ ಮೀಟರ್, ಘರ್ಷಣಾಂಕ 0.4. ಗುಣಿಸಿದರೆ ಎದುರುಬಲ 125 ಕೋಟಿ ನ್ಯೂಟನ್, ಸೆಕೆಂಡಿಗೆ 10 ಮೀಟರ್ ಓಡಲು 12,500 ಮೆಗಾವಾಟ್. ಶರಾವತಿ ಜಲವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್, ಅಂಥವು ಹನ್ನೆರಡು ಬೇಕು. ಎದುರಿನ ಮರಳನ್ನು ಪಕ್ಕಕ್ಕೆ ಎಸೆಯಲು ಬೇಕಾದದ್ದು ಇನ್ನೂ 500 ಮೆಗಾವಾಟ್, ಅದು ಇದರ ಮುಂದೆ ಲೆಕ್ಕಕ್ಕಿಲ್ಲ. ಸ್ನಾಯು ಒಂದು ಕಿಲೊಗೆ ಹೆಚ್ಚೆಂದರೆ 200 ವಾಟ್ ಆಸುಪಾಸು ಕೊಟ್ಟೀತು. ಹುಳದ ಅರ್ಧ ತೂಕ ಸ್ನಾಯುವೇ ಆದರೂ 6,300 ಮೆಗಾವಾಟ್. ಬೇಕಾದದ್ದರ ಅರ್ಧ. ಹೀಗೆ ಓಡುವ ಹುಳ ಅಸಾಧ್ಯ ಅನ್ನುವುದು ಇಲ್ಲಿಗೆ ತೀರ್ಮಾನ.

ದಾರಿ ಇರುವುದು ಒಂದೇ: ಮೈಸುತ್ತಲಿನ ಮರಳನ್ನು ದ್ರವದಂತೆ ಸಡಿಲಗೊಳಿಸಬೇಕು. ಸಹಾರಾದ ‘ಮರಳುಮೀನು’ ಎಂಬ ಹಲ್ಲಿ (ಹೆಸರು ಮೀನು, ಜಾತಿ ಅರಣೆಯದು) ಕೈಕಾಲು ಮೈಗೆ ಒತ್ತಿಕೊಂಡು, ಮೈಯನ್ನು ಅಲೆಯಾಡಿಸುತ್ತ ಮರಳಿನೊಳಗೆ ಈಜುತ್ತದೆ. ಜಾರ್ಜಿಯಾ ಟೆಕ್ ವಿಜ್ಞಾನಿಗಳು ಎಕ್ಸ್‌ರೇ ಚಿತ್ರದಲ್ಲಿ ಹಿಡಿದು 2009ರಲ್ಲಿ ಇದನ್ನು ತೋರಿಸಿದರು. ಆದರೆ ಅದು ಗೇಣುದ್ದದ ಪ್ರಾಣಿ, ಇರುವುದು ಕೆಲವೇ ಸೆಂಟಿಮೀಟರ್ ಆಳದಲ್ಲಿ. ನಮ್ಮ ಹುಳಕ್ಕೆ ಹೆಚ್ಚು ಕೆಲಸಕ್ಕೆ ಬರುವ ಗುರು ಸಮುದ್ರತೀರದ ರೇಜರ್ ಕ್ಲಾಮ್ ಎಂಬ ಉದ್ದನೆಯ ಚಿಪ್ಪುಜೀವಿ. ಅದು ಚಿಪ್ಪನ್ನು ಥಟ್ಟನೆ ಮುಚ್ಚಿಕೊಂಡಾಗ ಸುತ್ತಲಿನ ಹಸಿಮರಳಿಗೆ ನೀರು ನುಗ್ಗಿ ಮರಳು ಕಲಸಿದಂತಾಗುತ್ತದೆ, ಆ ಕ್ಷಣದಲ್ಲಿ ಕೆಳಗೆ ಜಾರುತ್ತದೆ. ಗಟ್ಟಿ ಮರಳಿನಲ್ಲಿ ಆಳ ಇಮ್ಮಡಿಯಾದರೆ ಶ್ರಮ ನಾಲ್ಮಡಿ, ಹೀಗೆ ಸಡಿಲಿಸಿಕೊಂಡರೆ ಇಮ್ಮಡಿ ಮಾತ್ರ.

ಅರಾಕಿಸ್‌ನಲ್ಲಿ ನೀರಿಲ್ಲ, ಗಾಳಿ ಬಳಸಬೇಕು. ಕಾಲು ಮಿಲಿಮೀಟರ್ ಕಣದ ಮರಳಿನ ಮೂಲಕ ಸೆಕೆಂಡಿಗೆ ಸುಮಾರು 5 ಸೆಂಟಿಮೀಟರ್ ವೇಗದಲ್ಲಿ ಗಾಳಿ ಮೇಲೇಳುವಂತೆ ಊದಿದರೆ ಅದು ಕುದಿಯುವ ದ್ರವದಂತೆ ವರ್ತಿಸುತ್ತದೆ. ಕೆಲವು ಬಾಯ್ಲರುಗಳು ಕೆಲಸ ಮಾಡುವುದೂ ಹೀಗೇ. ಹುಳ ತನ್ನ ಉಂಗುರಗಳ ಸಂದಿಯಿಂದ ಮೈಪೂರ ಇಷ್ಟು ಊದಬೇಕೆಂದರೆ ಸೆಕೆಂಡಿಗೆ 600 ಘನ ಮೀಟರಿಗಿಂತ ಹೆಚ್ಚು ಅನಿಲ ಬೇಕು. ಅದೂ ಆಳದ ಒತ್ತಡದಲ್ಲಿ. ಮೇಲಿನ ವಾತಾವರಣದ ಒತ್ತಡಕ್ಕೆ ತಂದು ನೋಡಿದರೆ 2,000 ದಾಟುತ್ತದೆ. ಘರ್ಷಣೆ ಐದರಲ್ಲೊಂದು ಪಾಲಿಗೆ ಇಳಿದರೆ ಓಟಕ್ಕೆ ಬೇಕಾಗುವುದು ಒಟ್ಟು 3,000 ಮೆಗಾವಾಟ್. ಸ್ನಾಯುವಿನ ಮಿತಿಯೊಳಗೆ ಬಂತು. ಅನಿಲ ಎಲ್ಲಿಂದ ಎಂಬ ಪ್ರಶ್ನೆ ಉಳಿಯಿತು, ಅದನ್ನು ಆಮ್ಲಜನಕದ ಜೊತೆ ನೋಡೋಣ.

ಹತ್ತು ನಿಮಿಷದ ಓಟ, ಎರಡು ವಾರದ ನಿದ್ದೆ

ಸ್ನಾಯು ಉರಿಸಿದ ಆಹಾರದಲ್ಲಿ ಕಾಲು ಭಾಗ ಕೆಲಸವಾದರೆ ಮುಕ್ಕಾಲು ಭಾಗ ಬಿಸಿಯಾಗುತ್ತದೆ. 3,000 ಮೆಗಾವಾಟ್ ಕೆಲಸಕ್ಕೆ 9,000 ಮೆಗಾವಾಟ್ ಬಿಸಿ ಮೈಯೊಳಗೆ ಹುಟ್ಟುತ್ತದೆ. 63,000 ಟನ್ ಮಾಂಸ ಇದನ್ನು ಹೀರಿದರೆ ಮೈಬಿಸಿ ನಿಮಿಷಕ್ಕೆ ಎರಡೂವರೆ ಡಿಗ್ರಿಯಂತೆ ಏರುತ್ತದೆ. ಹತ್ತು ನಿಮಿಷಕ್ಕೆ 25 ಡಿಗ್ರಿ. ಅದರಾಚೆಗೆ ಪ್ರೋಟೀನು ಬೇಯುತ್ತದೆ.

ಆ ಬಿಸಿ ಹೊರಗೆ ಹೋಗುವುದು ಹೇಗೆ? ಒಣ ಮರಳು ಒಳ್ಳೆಯ ಕಂಬಳಿ, ಶಾಖವನ್ನು ಬಿಡುವುದೇ ಇಲ್ಲ. ಬೆವರಲು ನೀರಿಲ್ಲ. ರಾತ್ರಿ ಮೇಲೆದ್ದು ಬೆನ್ನನ್ನು ಆಕಾಶಕ್ಕೆ ಒಡ್ಡಿ ಮಲಗಿದರೆ, ವಿಕಿರಣ ಮತ್ತು ಗಾಳಿ ಎರಡೂ ಸೇರಿ ಸುಮಾರು 5 ಮೆಗಾವಾಟ್ ಕಳೆಯಬಹುದು. ಹತ್ತು ನಿಮಿಷದ ಓಟದ ಬಿಸಿ ಆ ಗತಿಯಲ್ಲಿ ಇಳಿಯಲು 12 ದಿನ ಬೇಕು, ಅದೂ ಹಗಲು-ರಾತ್ರಿ ಒಂದೇ ಸಮ ತಣಿಯುತ್ತಿದ್ದರೆ. ಹಗಲಿನ ಬಿಸಿಲು ಸೇರಿಸಿದರೆ ಇನ್ನೂ ಹೆಚ್ಚು.

ಹರ್ಬರ್ಟ್ ಇದನ್ನು ಬಲ್ಲವನಂತೆ ಒಂದು ವಿವರ ಇಟ್ಟಿದ್ದಾನೆ. ಆ ಮರುಭೂಮಿಯ ಫ್ರೆಮೆನ್ ಜನ ಹುಳದ ಮೇಲೆ ಸವಾರಿ ಮಾಡುತ್ತಾರೆ, ಆದರೆ ದೂರದ ಪಯಣಕ್ಕೆ ಒಂದೇ ಹುಳ ಸಾಲುವುದಿಲ್ಲ. ಒಂದು ದಣಿದರೆ ಅದನ್ನು ಬಿಟ್ಟು, ಥಂಪರ್ ಎಂಬ ಬಡಿಯುವ ಗೂಟವನ್ನು ಮರಳಿಗೆ ನೆಟ್ಟು, ಅದರ ಸದ್ದಿನಿಂದ ಇನ್ನೊಂದನ್ನು ಕರೆಯಬೇಕು. ಹಾಗಾಗಿ ಅವರು ದೂರವನ್ನೇ ಥಂಪರ್ ಲೆಕ್ಕದಲ್ಲಿ ಹೇಳುತ್ತಾರೆ: ದಕ್ಷಿಣಕ್ಕೆ ಇಪ್ಪತ್ತು ಥಂಪರ್ ದಾರಿ. ನಮ್ಮ ಲೆಕ್ಕದ ಪ್ರಕಾರ ಒಂದು ಹುಳದ ಒಂದು ಓಟಕ್ಕೆ ಸಿಗುವುದು ಬರೀ 6 ಕಿಲೊಮೀಟರ್. ಕಾದಂಬರಿಯಲ್ಲಿ ಸವಾರಿ ಅದಕ್ಕಿಂತ ಬಹಳ ಉದ್ದ. ಅಷ್ಟರಮಟ್ಟಿಗೆ ಕಥೆ ರಿಯಾಯಿತಿ ತೆಗೆದುಕೊಂಡಿದೆ.

ಆಮ್ಲಜನಕ, ಮತ್ತು ನಿಜವಾದ ನಡಿಗೆ

10 ಚದರ ಕಿಲೊಮೀಟರ್ ಹಸಿರು ಒಳ್ಳೆಯ ಬಿಸಿಲಲ್ಲಿ ಸೆಕೆಂಡಿಗೆ ಸುಮಾರು 200 ಮೋಲ್, ಅಂದರೆ ಐದು ಘನ ಮೀಟರಿನಷ್ಟು ಆಮ್ಲಜನಕ ಬಿಡಬಹುದು. ಮರಳು ಎಂದರೆ ಸಿಲಿಕಾ, ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಆಮ್ಲಜನಕವೇ. ಹುಳ ಮರಳನ್ನೇ ಒಡೆಯುತ್ತದೆ ಎಂದು ಹಲವರು ಊಹಿಸುವುದು ಇದಕ್ಕೇ. ಆದರೆ ಸಿಲಿಕಾದಿಂದ ಒಂದು ಮೋಲ್ ಆಮ್ಲಜನಕ ಕೀಳಲು 900 ಕಿಲೊಜೂಲ್ ಸುರಿಯಬೇಕು, ನೀರನ್ನು ಒಡೆಯುವುದಕ್ಕೆ ಸಾಕಾಗುವುದು 570. ಮರಳು ಒಡೆಯುವುದಕ್ಕೇ 180 ಮೆಗಾವಾಟ್ ಹೋಗುತ್ತದೆ. ಕೈಗೆಟುಕದ ಮಾತು.

ಇದಕ್ಕಿಂತ ಅಗ್ಗದ ಮೂಲ ಪರ್‌ಕ್ಲೋರೇಟ್ ಲವಣ. ಮಂಗಳನ ಮಣ್ಣಿನಲ್ಲಿ ಇದು ಅರ್ಧ ಶೇಕಡಾದಷ್ಟಿದೆ ಎಂದು ಫೀನಿಕ್ಸ್ ನೌಕೆ 2008ರಲ್ಲಿ ಕಂಡಿತು, ಚಿಲಿಯ ಅಟಕಾಮಾ ಮರುಭೂಮಿಯಲ್ಲೂ ಸಹಜವಾಗಿ ಸಿಗುತ್ತದೆ. ಪರ್‌ಕ್ಲೋರೇಟನ್ನು ಮುರಿದು ಆಮ್ಲಜನಕ ಬಿಡಿಸುವ ಬ್ಯಾಕ್ಟೀರಿಯಾಗಳು ಭೂಮಿಯ ಮೇಲೇ ಇವೆ, ಇದಕ್ಕೆ ಹೊರಗಿನಿಂದ ಶಕ್ತಿ ಸುರಿಯಬೇಕಾಗಿಯೂ ಇಲ್ಲ. ಅಂಥ ಬ್ಯಾಕ್ಟೀರಿಯಾಗಳನ್ನು ಕರುಳಲ್ಲಿ ಸಾಕಿಕೊಂಡ ಹುಳಕ್ಕೆ ಸೆಕೆಂಡಿಗೆ 12 ಕಿಲೊ ಪರ್‌ಕ್ಲೋರೇಟ್ ಸಾಕು. ಮರಳಿನಲ್ಲಿ ಅದು ಅರ್ಧ ಶೇಕಡಾ ಇದ್ದರೆ ಸೆಕೆಂಡಿಗೆ ಎರಡೂವರೆ ಟನ್ ಮರಳು ನುಂಗಬೇಕು.

ಹಾಗೆಂದು ಓಡುತ್ತ ನುಂಗುವುದು ದಂಡ. ಸೆಕೆಂಡಿಗೆ 10 ಮೀಟರ್ ಓಡುವಾಗ ತೆರೆದ ಬಾಯಿಗೆ ಸೆಕೆಂಡಿಗೆ 5,000 ಟನ್ ಮರಳು ನುಗ್ಗುತ್ತದೆ, 200 ಮೀಟರ್ ಮೈಯನ್ನು 20 ಸೆಕೆಂಡಿನಲ್ಲಿ ದಾಟಿ ಹಿಂದೆ ಬೀಳುತ್ತದೆ. ಅಷ್ಟರಲ್ಲಿ ಏನೂ ಪಚನವಾಗದು. ಹಾಗಾದರೆ ಎರಡೂವರೆ ಟನ್ ಮಾತ್ರ ಬಾಯಿಗೆ ಬರಬೇಕಾದರೆ ಎಷ್ಟು ವೇಗ ಬೇಕು? 20 ಮೀಟರ್ ಬಾಯಿಗೆ ಲೆಕ್ಕ ಹಾಕಿದರೆ ಉತ್ತರ ಸೆಕೆಂಡಿಗೆ 5 ಮಿಲಿಮೀಟರ್. ನಮ್ಮ ಹಿತ್ತಿಲ ಎರೆಹುಳ ತೆವಳುವುದೂ ಹೆಚ್ಚುಕಡಿಮೆ ಈ ವೇಗದಲ್ಲೇ. ಈ ನಿಧಾನದಲ್ಲಿ ಎರೆಹುಳದ ಕಚ್ಚಿ-ಜಾರುವ ನಡಿಗೆ ಚೆನ್ನಾಗಿ ನಡೆಯುತ್ತದೆ. ಇಡೀ ಮೈ ಒರೆಸಿಕೊಂಡು ಹೋದರೂ ಬೇಕಾಗುವುದು 6 ಮೆಗಾವಾಟ್, ಅಲೆಯ ನಡಿಗೆಯಲ್ಲಿ ಅದರಲ್ಲೂ ಸಣ್ಣ ಪಾಲು.

ಅಲ್ಲಿಗೆ ಹುಳಕ್ಕೆ ಎರಡು ಗತಿ. ದಿನಕ್ಕೆ 400 ಮೀಟರ್ ಚಿಲ್ಲರೆ ತೆವಳುತ್ತ ಮೇಯುವುದು ಅದರ ಬದುಕು. ಎರಡು ವಾರಕ್ಕೊಮ್ಮೆ ಹತ್ತು ನಿಮಿಷ ನುಗ್ಗುವುದು ಅಪರೂಪ. ಜೊತೆಗೆ ದಿನಕ್ಕೆ 500 ಟನ್ ಉಪ್ಪು ಹಿಂದಕ್ಕೆ ಬೀಳುತ್ತದೆ. ಪರ್‌ಕ್ಲೋರೇಟಿನ ಆಮ್ಲಜನಕ ಹೋದ ಮೇಲೆ ಉಳಿಯುವುದು ಕ್ಲೋರೈಡ್ ತಾನೆ. ನಿಜವಾದ ಅರಾಕಿಸ್ ಇದ್ದಿದ್ದರೆ ಹುಳದ ಹಾದಿಯನ್ನು ಉಪಗ್ರಹದಿಂದ ಬಿಳಿ ಗೆರೆಗಳಾಗಿ ನೋಡಬಹುದಿತ್ತು.

ಓಟಕ್ಕೆ ಬೇಕಾದ ಅನಿಲದ ಪ್ರಶ್ನೆ ಬಾಕಿ ಇತ್ತು. ಬೇಕಾದದ್ದು ಸೆಕೆಂಡಿಗೆ 2,000 ಘನ ಮೀಟರ್, ಕರುಳು ಕೊಡುವುದು 5. ಕೂಡಿಟ್ಟುಕೊಳ್ಳಲೇಬೇಕು. ಅನಿಲವಾಗಿಯೇ ತುಂಬಿಟ್ಟರೆ ಒಳಗಿನ ಒತ್ತಡಕ್ಕೆ ಮೈ ಸಿಡಿಯುತ್ತದೆ, ಆದ್ದರಿಂದ ರಾಸಾಯನಿಕವಾಗಿ ಕಟ್ಟಿಡಬೇಕು. ಪೊಟ್ಯಾಸಿಯಂ ಸೂಪರಾಕ್ಸೈಡ್ ಎಂಬ ಹಳದಿ ಲವಣ ಇಂಗಾಲದ ಡೈಆಕ್ಸೈಡನ್ನು ಹೀರಿ ಆಮ್ಲಜನಕ ಬಿಡುತ್ತದೆ. ಗಣಿಯ ಉಸಿರಾಟದ ಉಪಕರಣಗಳಲ್ಲಿ, ಸೊಯುಜ್ ನೌಕೆಯಲ್ಲಿ ಬಳಸುವುದು ಇದನ್ನೇ. 5,000 ಟನ್‌ನಷ್ಟು ಇಂಥ ದಾಸ್ತಾನಿದ್ದರೆ, ಮೈತೂಕದ ಹನ್ನೆರಡರಲ್ಲಿ ಒಂದು ಪಾಲು, ಒಂದು ಓಟಕ್ಕೆ ಬೇಕಾದಷ್ಟು ಆಮ್ಲಜನಕ ಅದರಲ್ಲಿ ಅಡಗಿರುತ್ತದೆ. ಓಡಿದಷ್ಟೂ ಸ್ನಾಯುವಿನಿಂದ ಡೈಆಕ್ಸೈಡ್ ಬರುತ್ತದೆ, ಬಂದಷ್ಟೂ ಆಮ್ಲಜನಕ ಬಿಡುಗಡೆಯಾಗುತ್ತದೆ. ಸ್ನಾಯು ತನಗೆ ಬೇಕಾದದ್ದನ್ನು ಉಸಿರಾಡಿ ಉಳಿಸುವುದು ಸೆಕೆಂಡಿಗೆ ಸುಮಾರು 300 ಘನ ಮೀಟರ್. ಬೇಕಾದದ್ದರ ಏಳರಲ್ಲೊಂದು ಪಾಲು. ಲೆಕ್ಕ ಪೂರ್ತಿ ಕೂಡಲಿಲ್ಲ, ಆದರೆ ನಾನೂರು ಪಟ್ಟಿನ ಕೊರತೆ ಏಳು ಪಟ್ಟಿಗೆ ಇಳಿಯಿತು. ಬಾಯಿಯ ಸುತ್ತ ಮತ್ತು ಬೆನ್ನಿನ ಭಾಗಕ್ಕೆ ಮಾತ್ರ ಊದಿ, ಉಳಿದಲ್ಲಿ ಮೈ ನಡುಗಿಸಿ ಮರಳು ಸಡಿಲಿಸಿದರೆ ಹೊಂದಿಸಬಹುದು.

ಈ ದಾಸ್ತಾನು ಇನ್ನೊಂದು ಗಂಟನ್ನೂ ಬಿಡಿಸುತ್ತದೆ. ಸೂಪರಾಕ್ಸೈಡಿಗೆ ನೀರು ತಾಗಿದರೆ ಭುಗಿಲೆಂದು ಬಿಸಿಯಾಗಿ, ಆಮ್ಲಜನಕವನ್ನು ಒಂದೇ ಏಟಿಗೆ ಕಕ್ಕಿ, ಸುಡುಕ್ಷಾರವಾಗಿ ಮಾರ್ಪಡುತ್ತದೆ. ಮೈಯೊಳಗೆ ಅಂಥ ಲವಣವನ್ನು ಹೊತ್ತ ಪ್ರಾಣಿಗೆ ನೀರು ವಿಷವಾಗದೆ ಇನ್ನೇನು? ಕಾದಂಬರಿ ಕಾರಣ ಕೊಡುವುದಿಲ್ಲ. ನಾವು ಕಟ್ಟಿದ ಹುಳಕ್ಕೆ ಇದು ಸಾಕಷ್ಟಾದ ಕಾರಣ.

ತಿನ್ನುವುದೇನು

ಹರ್ಬರ್ಟ್ ಹೇಳುವ ಆಹಾರಚಕ್ರ ಹೀಗಿದೆ. ಹುಳ ಮಸಾಲೆಯನ್ನು, ಅಂದರೆ ಕಥೆಯಲ್ಲಿ ಎಲ್ಲರೂ ಬಯಸುವ ಬೆಲೆಬಾಳುವ ಮೆಲಾಂಜನ್ನು, ಮರಳಿನಲ್ಲಿ ಹರಡುತ್ತದೆ. ಅದನ್ನು ತಿಂದು ಮರಳು ಪ್ಲಾಂಕ್ಟನ್ ಎಂಬ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಹುಳ ಆ ಪ್ಲಾಂಕ್ಟನ್ ತಿನ್ನುತ್ತದೆ. ಬದುಕುಳಿದ ಪ್ಲಾಂಕ್ಟನ್ ಬೆಳೆದು, ಆಳಕ್ಕೆ ಕೊರೆದು ಮರಿರೂಪ ತಾಳುತ್ತವೆ, ಆ ಮರಿಗಳ ವಿಸರ್ಜನೆಯಿಂದ ಮತ್ತೆ ಮಸಾಲೆ. ಓದಲು ಚೆಂದ, ಆದರೆ ಚಕ್ರಕ್ಕೆ ಹೊರಗಿನಿಂದ ಶಕ್ತಿ ಬರುವ ಬಾಗಿಲೇ ಇಲ್ಲ. ಅತ್ತೆ ಸೊಸೆಗೆ, ಸೊಸೆ ಅತ್ತೆಗೆ ಸಾಲ ಕೊಟ್ಟುಕೊಂಡು ಸಂಸಾರ ನಡೆಸಿದ ಹಾಗೆ.

ಬಿಸಿಲು ಎಲ್ಲೋ ಒಂದು ಕಡೆ ಒಳಗೆ ಬರಲೇಬೇಕು. ಸಹಜವಾದ ಜಾಗ ಮೇಲ್ಪದರ. ಭೂಮಿಯ ಒಣ ಮರುಭೂಮಿಗಳಲ್ಲಿ ಬಿಳಿ ಬೆಣಚುಕಲ್ಲಿನ ಅಡಿಯಲ್ಲಿ, ಕಲ್ಲಿನ ಮೂಲಕ ಸೋಸಿ ಬರುವ ಬೆಳಕಿನಲ್ಲಿ ಸಯನೋಬ್ಯಾಕ್ಟೀರಿಯಾಗಳು ಹಸಿರುಗಟ್ಟಿ ಬದುಕುತ್ತವೆ. ಮರಳು ಪ್ಲಾಂಕ್ಟನ್‌ನಲ್ಲಿ ಒಂದು ಪಂಗಡ ಇಂಥದು ಎಂದುಕೊಂಡರೆ ಸಾಕು. ಒಂದು ಹುಳದ ಸೀಮೆ 300 ಚದರ ಕಿಲೊಮೀಟರ್ ಎಂದಿಟ್ಟುಕೊಳ್ಳಿ, ಬಿಸಿಲಿನಲ್ಲಿ ನೂರಕ್ಕೆ ಒಂದು ಪಾಲು ಹಿಡಿದಿಟ್ಟರೆ, ಅದರಲ್ಲಿ ಹತ್ತರಲ್ಲೊಂದು ಹುಳದ ಹೊಟ್ಟೆ ಸೇರಿದರೆ, 75 ಮೆಗಾವಾಟ್. ತಣ್ಣನೆ ರಕ್ತದ ಹುಳ ಸುಮ್ಮನೆ ಬಿದ್ದಿರಲು ಅರ್ಧ ಮೆಗಾವಾಟೂ ಬೇಡ. ಆಹಾರ ಧಾರಾಳವಾಗಿದೆ. ದಿನಕ್ಕೆ ಸರಾಸರಿ 5 ಮೆಗಾವಾಟ್ ಬಿಸಿ ಮಾತ್ರ ಹೊರಹಾಕಬಲ್ಲ ಪ್ರಾಣಿಗೆ 75 ಮೆಗಾವಾಟ್ ಊಟ ತಿನ್ನುವ ಯೋಗವಿಲ್ಲ, ಅಷ್ಟೇ.

ಕಿವಿ, ಹಲ್ಲು, ಉಂಗುರ

ಎರಡು ವಾರಕ್ಕೊಮ್ಮೆ ಮಾತ್ರ ಓಡಬಲ್ಲ ಪ್ರಾಣಿ ಯಾವುದಕ್ಕೆ ಓಡಬೇಕು ಎಂದು ಬಹಳ ಅಳೆದು ನೋಡಬೇಕು. ಒಣ ಮರಳಿನ ಮೇಲ್ಮೈಯಲ್ಲಿ ಕಂಪನ ಸೆಕೆಂಡಿಗೆ 50 ಮೀಟರಿನಂತೆ ಸಾಗುತ್ತದೆ. ಕ್ಯಾಲಿಫೋರ್ನಿಯಾದ ಮರಳುಚೇಳು ತನ್ನ ಎಂಟು ಕಾಲುಗಳಿಗೆ ಕಂಪನ ಮುಟ್ಟುವ ಸಮಯದ ವ್ಯತ್ಯಾಸದಿಂದಲೇ ಬೇಟೆಯ ದಿಕ್ಕು ಹಿಡಿಯುತ್ತದೆ ಎಂದು ಫಿಲಿಪ್ ಬ್ರೌನೆಲ್ 1977ರಲ್ಲಿ ತೋರಿಸಿದರು. ಸೆಕೆಂಡಿನ ಐದು ಸಾವಿರದಲ್ಲೊಂದು ಭಾಗದ ವ್ಯತ್ಯಾಸವೂ ಅದಕ್ಕೆ ಸಾಕು. ನಮ್ಮ ಹುಳದ ಮೈ 200 ಮೀಟರ್, ಬಾಲದಿಂದ ತಲೆಗೆ ಕಂಪನ ಹಾಯಲು 4 ಸೆಕೆಂಡ್. ದಿಕ್ಕು ಹಿಡಿಯಲು ಇದಕ್ಕಿಂತ ಒಳ್ಳೆಯ ಕಿವಿ ಬೇಕಿಲ್ಲ.

ಕಷ್ಟ ಇರುವುದು ದಿಕ್ಕಿನಲ್ಲಲ್ಲ, ಗಲಾಟೆಯಲ್ಲಿ. ಗಾಳಿಗೆ ಹಾರಿ ಬೀಳುವ ಮರಳಿನ ಕಣಗಳೇ ನೆಲದ ಮೇಲೆ ಸದಾ ತಟಪಟ ಎನ್ನುತ್ತಿರುತ್ತವೆ. ಆ ಗದ್ದಲದಿಂದ ಹೆಜ್ಜೆಯ ಸದ್ದನ್ನು ಬೇರ್ಪಡಿಸುವ ಉಪಾಯ ಒಂದೇ, ಒಂದೇ ಅಂತರದಲ್ಲಿ ಮರುಕಳಿಸುವ ಬಡಿತಗಳನ್ನು ಒಂದರ ಮೇಲೊಂದು ಕೂಡಿಸುತ್ತ ಹೋಗುವುದು. ನೂರು ಬಡಿತ ಕೂಡಿಸಿದರೆ ಗದ್ದಲದ ಎದುರು ಸಂಕೇತ ಹತ್ತು ಪಟ್ಟು ಎದ್ದು ಕಾಣುತ್ತದೆ. ಫ್ರೆಮೆನ್ ತಾಳ ತಪ್ಪಿಸಿ ನಡೆಯುವುದು ಇದಕ್ಕೇ: ತಾಳವಿಲ್ಲದಿದ್ದರೆ ಕೂಡಿಸುವುದಕ್ಕೆ ಏನೂ ಸಿಗದು. ಥಂಪರ್ ಇದರ ತಿರುಗುಮುರುಗು. ಮರಳಿಗೆ ನೆಟ್ಟ ಗೂಟ, ತುದಿಯಲ್ಲಿ ಸ್ಪ್ರಿಂಗಿನಿಂದ ಬಡಿಯುವ ನಾಲಗೆ, ಒಂದೇ ತಾಳ. ದಪ್ಪ ಸದ್ದಾದಷ್ಟೂ ಒಳ್ಳೆಯದು, ಕೀರಲು ಸದ್ದನ್ನು ಮರಳು ಕೆಲವೇ ಮೀಟರುಗಳಲ್ಲಿ ನುಂಗಿಬಿಡುತ್ತದೆ.

ಹಲ್ಲು ಸ್ಫಟಿಕದ್ದು ಎನ್ನುತ್ತದೆ ಕಾದಂಬರಿ, ಅದರಿಂದಲೇ ಫ್ರೆಮೆನ್ ಕತ್ತಿ ಮಾಡಿಕೊಳ್ಳುತ್ತಾರೆ. ಇದರಲ್ಲಿ ಅಸಂಭವವೇನೂ ಇಲ್ಲ. ಮೊನೊರಾಫಿಸ್ ಎಂಬ ಆಳಸಮುದ್ರದ ಸ್ಪಂಜು ತಣ್ಣನೆಯ ನೀರಿನಲ್ಲಿ ಕುಲುಮೆಯಿಲ್ಲದೆ ಮೂರು ಮೀಟರ್ ಉದ್ದದ ಗಾಜಿನ ಕಡ್ಡಿ ಬೆಳೆಸುತ್ತದೆ. ಆದರೆ ಮರಳೂ ಸಿಲಿಕಾ, ಹಲ್ಲೂ ಸಿಲಿಕಾ ಆದರೆ ಎರಡೂ ಸಮಸಮ ಸವೆಯುತ್ತವೆ. ಬಂಡೆ ಕೆರೆದು ತಿನ್ನುವ ಲಿಂಪೆಟ್ ಬಸವನಹುಳುವಿನಂತೆ ಹಿಂದಿನ ಸಾಲಿನಿಂದ ಹೊಸ ಹಲ್ಲು ಸದಾ ಮುಂದಕ್ಕೆ ಬರುತ್ತಿರಬೇಕು.

ಉಂಗುರಗಳ ವಿಷಯದಲ್ಲಿ ಹರ್ಬರ್ಟ್ ಜಾಣ. ಪ್ರತಿ ಉಂಗುರಕ್ಕೂ ಅದರದೇ ಜೀವ, ಸಿಡಿಮದ್ದಿನಿಂದ ಕೆಲವು ಉಂಗುರ ಚಿಂದಿ ಮಾಡಿದರೂ ಉಳಿದವು ಸಾಯುವುದಿಲ್ಲ, ಇಡೀ ಹುಳವನ್ನು ಕೊಂದು ಕೆಡದಂತೆ ಇಡಬೇಕಾದರೆ ಒಂದೊಂದು ಉಂಗುರಕ್ಕೂ ಪ್ರತ್ಯೇಕವಾಗಿ ಅಧಿಕ ವೋಲ್ಟೇಜಿನ ವಿದ್ಯುತ್ ಕೊಡಬೇಕು. ಸಮುದ್ರದ ಸೈಫನೊಫೋರ್‌ಗಳು ಹೀಗೇ, ನೋಡಲು ಒಂದು ಪ್ರಾಣಿ, ನಿಜಕ್ಕೆ ಸಾಲುಗಟ್ಟಿದ ಸಾವಿರಾರು ಪುಟ್ಟ ಜೀವಿಗಳ ಕೂಟ. ಬಿಸಿ, ರಕ್ತ, ನರದ ಸಂದೇಶ ಇವನ್ನೆಲ್ಲ 200 ಮೀಟರ್ ಸಾಗಿಸುವ ತಾಪತ್ರಯ ಕೂಟದಲ್ಲಿ ಇಲ್ಲ, ಪ್ರತಿ ಉಂಗುರ ತನ್ನದನ್ನು ತಾನೇ ನೋಡಿಕೊಳ್ಳುತ್ತದೆ. ಸವಾರರು ಕೊಕ್ಕೆಯಿಂದ ಒಂದು ಉಂಗುರದ ಅಂಚನ್ನು ಎತ್ತಿ ಹಿಡಿದರೆ ಹುಳ ಆ ತೆರೆದ ಸಂದಿಗೆ ಮರಳು ಸೇರದಂತೆ ಮಗ್ಗುಲಾಗಿ ಅದನ್ನು ಮೇಲಕ್ಕೆ ತರುತ್ತದೆ, ಮತ್ತೆ ಮುಳುಗುವುದಿಲ್ಲ. ಮೈಯ ಒಳಪದರ ಮರಳು ತಾಗದ ಮೆದು ಜಾಗ ಎಂಬುದು ಇದರಿಂದ ಗೊತ್ತಾಗುತ್ತದೆ. ನಮ್ಮ ಮಾದರಿಯಲ್ಲಿ ಅನಿಲ ಹೊರಬರುವುದೂ ಅಲ್ಲಿಂದಲೇ.

ನೀರು ಕದಿಯುವ ಮರಿಗಳು

ಹುಳದ ಮರಿರೂಪ ಸ್ಯಾಂಡ್‌ಟ್ರೌಟ್, ಅರ್ಧ ಗಿಡ ಅರ್ಧ ಪ್ರಾಣಿ. ದೊಡ್ಡದಕ್ಕೆ ವಿಷವಾದ ನೀರನ್ನು ಇವು ಹುಡುಕಿ ಹೋಗಿ, ನೆಲದಾಳದ ಸರಂಧ್ರ ಪದರಗಳಲ್ಲಿ ಸುತ್ತುವರಿದು ಮುಚ್ಚಿಹಾಕುತ್ತವೆ. ಅವು ಕೆಲಸ ಮಾಡುವುದು 280 ಕೆಲ್ವಿನ್, ಅಂದರೆ ಸುಮಾರು 7 ಡಿಗ್ರಿ ಸೆಲ್ಸಿಯಸ್ ಗೆರೆಯ ಕೆಳಗಿನ ತಂಪಿನಲ್ಲಿ. ಅವುಗಳ ವಿಸರ್ಜನೆಗೆ ನೀರು ಸೇರಿದರೆ ಅಣಬೆಯಂಥ ರಾಶಿ ಹುಲುಸಾಗಿ ಬೆಳೆದು, ಒಳಗೆ ಇಂಗಾಲದ ಡೈಆಕ್ಸೈಡ್ ಕಟ್ಟಿಕೊಂಡು, ಒಂದು ದಿನ ಒಡೆದು ಆಳದ ಸರಕನ್ನೆಲ್ಲ ಮೇಲಕ್ಕೆ ಉಗುಳುತ್ತದೆ. ಬಿಸಿಲು-ಗಾಳಿಗೆ ಬಿದ್ದ ಆ ರಾಶಿಯೇ ಮಸಾಲೆಯಾಗುತ್ತದೆ. ಪ್ರತಿ ಸ್ಫೋಟದಲ್ಲೂ ಮರಿಗಳು ಲಕ್ಷಗಟ್ಟಲೆ ಸಾಯುತ್ತವೆ, ಐದು ಡಿಗ್ರಿ ಬಿಸಿಯ ಏರುಪೇರೂ ಅವಕ್ಕೆ ಮಾರಕ. ಉಳಿದ ಕೆಲವು ಕೋಶ ಕಟ್ಟಿಕೊಂಡು ಮಲಗಿ, ಆರು ವರ್ಷದ ಮೇಲೆ ಮೂರು ಮೀಟರಿನ ಹುಳವಾಗಿ ಏಳುತ್ತವೆ. ಅದರಲ್ಲೂ ಅಣ್ಣಂದಿರ ಬಾಯಿಗೆ ಬೀಳದೆ, ನೀರಿನ ಗುಂಡಿಗೂ ಸಿಗದೆ ದೊಡ್ಡವಾಗುವವು ಬೆರಳೆಣಿಕೆ.

ಆರು ವರ್ಷದ ನಿದ್ದೆಯೇನೂ ಅತಿಶಯೋಕ್ತಿಯಲ್ಲ. ಆಫ್ರಿಕದ ಬಂಡೆಗುಳಿಗಳಲ್ಲಿ ಬೆಳೆಯುವ ಒಂದು ಬಗೆಯ ನೊಣದ ಮರಿಹುಳು, ಪಾಲಿಪೆಡಿಲಂ, ಮೈಯ ನೀರನ್ನು 3 ಶೇಕಡಾದಷ್ಟಕ್ಕೆ ಇಳಿಸಿಕೊಂಡು, ಜೀವಕೋಶಗಳಲ್ಲಿ ಟ್ರೆಹಲೋಸ್ ಸಕ್ಕರೆ ತುಂಬಿಕೊಂಡು ವರ್ಷಗಟ್ಟಲೆ ಒಣಗಿ ಬಿದ್ದಿರುತ್ತದೆ, ನೀರು ಬಿದ್ದರೆ ಎದ್ದು ಹರಿದಾಡುತ್ತದೆ. ಆದರೆ ಒಣಗುವುದು ನಿಧಾನವಾಗಿರಬೇಕು. ಸಕ್ಕರೆ ತಯಾರಾಗುವ ಮೊದಲೇ ಒಣಗಿದರೆ ಸತ್ತಂತೆಯೇ.

ಸರಣಿಯ ಮೂರನೆಯ ಕಾದಂಬರಿಯಲ್ಲಿ (1976) ಹರ್ಬರ್ಟ್ ಇನ್ನೊಂದು ಮಾತು ಸೇರಿಸಿದ: ಸ್ಯಾಂಡ್‌ಟ್ರೌಟ್ ಆ ಗ್ರಹದ ಮೂಲನಿವಾಸಿಯಲ್ಲ, ಹೊರಗಿನಿಂದ ಬಂದದ್ದು. ಬಂದಾಗ ಅಲ್ಲಿ ನೀರಿತ್ತು. ತಡೆಯುವ ವೈರಿಯಿಲ್ಲದೆ ಮಿತಿಮೀರಿ ಬೆಳೆದು, ನೀರನ್ನೆಲ್ಲ ಕಟ್ಟಿಹಾಕಿ, ತಮ್ಮ ದೊಡ್ಡ ರೂಪಕ್ಕೆ ಬೇಕಾದ ಮರುಭೂಮಿಯನ್ನು ತಾವೇ ಮಾಡಿಕೊಂಡವು. ನಮ್ಮ ಕೆರೆಗಳನ್ನು ನುಂಗಿದ ಅಂತರಗಂಗೆಯ ಕಥೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹರ್ಬರ್ಟ್‌ಗೆ ಈ ಕಾದಂಬರಿಯ ಎಳೆ ಸಿಕ್ಕಿದ್ದೂ ಇದರ ತದ್ವಿರುದ್ಧ ಕೆಲಸದಿಂದ. 1957ರಲ್ಲಿ ಅಮೆರಿಕದ ಒರೆಗಾನ್ ತೀರದ ಫ್ಲಾರೆನ್ಸ್ ಊರಿನ ಬಳಿ, ಸರಿದು ಬರುವ ಮರಳುದಿಬ್ಬಗಳನ್ನು ಹುಲ್ಲು ನೆಟ್ಟು ತಡೆಯುವುದನ್ನು ನೋಡಲು ಆತ ಪತ್ರಕರ್ತನಾಗಿ ಹೋಗಿದ್ದ.

ಫ್ರೆಮೆನ್ ಕನಸು ಅದೇ, ಹುಲ್ಲು ನೆಟ್ಟು ನೀರು ಬಿಡಿಸಿ ಗ್ರಹವನ್ನು ಹಸಿರು ಮಾಡುವುದು. ಮಾಡಿದರೆ ಮೊದಲು ಸಾಯುವುದು ಹುಳ. ಹುಳ ಹೋದರೆ ಆಮ್ಲಜನಕವೂ ಹೋಗಿ ಜನ ಉಸಿರುಕಟ್ಟಿ ಸಾಯುತ್ತಾರೆ ಎಂದು ಓದುಗರು ಆಗಾಗ ವಾದಿಸುವುದುಂಟು. ಹಾಗಾಗುವುದಿಲ್ಲ. ಭೂಮಿಯ ಗಾಳಿಯಲ್ಲಿರುವ ಆಮ್ಲಜನಕ ಗಿಡಗಳು ಸಾವಿರಾರು ವರ್ಷ ಬಿಟ್ಟು ಕೂಡಿಸಿದಷ್ಟಿದೆ. ಇಂದೇ ದ್ಯುತಿಸಂಶ್ಲೇಷಣೆ ನಿಂತರೂ ಗಾಳಿ ಉಸಿರಾಟಕ್ಕೆ ಬಾರದಷ್ಟು ತೆಳುವಾಗಲು ಬಹಳ ಕಾಲ ಹಿಡಿಯುತ್ತದೆ, ಅಷ್ಟರಲ್ಲಿ ನೆಟ್ಟ ಗಿಡಗಳೇ ಆ ಕೆಲಸ ವಹಿಸಿಕೊಂಡಿರುತ್ತವೆ. ಕೂಡಲೇ ನಿಲ್ಲುವುದು ಮಸಾಲೆ. ಸ್ಯಾಂಡ್‌ಟ್ರೌಟ್ ಉಳಿದು ಹುಳ ಅಳಿದರೆ ಪ್ಲಾಂಕ್ಟನ್‌ಗೆ ಮಸಾಲೆ ಹರಡುವವರಿಲ್ಲ, ಮುಂದಿನ ತಲೆಮಾರಿನ ಮರಿಗಳೂ ಇಲ್ಲ. ಗೋದಾಮಿನಲ್ಲಿ ಇದ್ದಷ್ಟೇ ದಾಸ್ತಾನು.